ಹಳದಿ ಪಟ್ಟಿಯಿಂದ ಮೂರು

ಥಂಡರ್ ಬೇ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ತೂಲಾ ಲೆಹ್ಟಿನೆನ್‌ಗೆ ಗಿರಾಕಿಗಳ ಮೇಲೆ ನಂಬಿಕೆ ಕಡಿಮೆ. ಮೂರನೇ ಸಲ ಅದೇ ರೋಗ ಹೊತ್ತು ಬಂದವನ ಮೇಲಂತೂ ಇಲ್ಲವೇ ಇಲ್ಲ.

ಹಾಗೆ ಬಂದವನು ಪಿಯಾನೋಗಳಿಗೆ ಶ್ರುತಿ ಮಾಡುವ ಓರೆಸ್ಟ್. ಟೋಪಿಯ ಹಿಮ ಕೊಡವಿ, ಲ್ಯಾಪ್‌ಟಾಪನ್ನು ಕಾಯಿಲೆಯ ಬೆಕ್ಕಿನಂತೆ ಕೌಂಟರಿನ ಮೇಲಿಟ್ಟ. ಏನೋ ಉಚಿತ ಅಂತ ಇಳಿಸಿಕೊಂಡೆ, ಜೊತೆಗೆ ಇನ್ನೇನೇನೋ ಬಂದುಬಿಟ್ಟಿತು ಎಂದ. ಹೇಳುವಾಗ ಅವಳ ಕಿವಿಯ ಹಿಂದೆ ಸಿಕ್ಕಿಸಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತಿದ್ದ. ಅವಳು ತಲೆಯೆತ್ತಿದೊಡನೆ ಅವನಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆಸಕ್ತಿ ಹುಟ್ಟಿತು.

ಮೊದಲ ಸಲವೇ ಪಾಠ ಹೇಳಿದ್ದಳು. ತಯಾರಿಸಿದವರ ಸೈಟಿನಿಂದಲೇ ಇಳಿಸಿಕೊಳ್ಳಿ. ‘ಎಕ್ಸ್‌ಪ್ರೆಸ್’ ಒತ್ತಬೇಡಿ, ‘ಕಸ್ಟಮ್’ ಒತ್ತಿ; ಆಗ ಜೊತೆಗೆ ತುರುಕುವ ಪ್ರೋಗ್ರಾಮ್‌ಗಳಿಗೆ ಅವರು ಮೊದಲೇ ಟಿಕ್ ಹಾಕಿಟ್ಟ ಚೌಕಗಳು ಕಾಣುತ್ತವೆ, ಎಲ್ಲವನ್ನೂ ಖಾಲಿ ಮಾಡಿ. ಗೋಡೆಯ ಮೇಲೆ ಅಂಥ ಪ್ರೋಗ್ರಾಮ್‌ಗಳ ಹೆಸರು ಅವಳೇ ಬರೆದ ಎರಡು ಪಟ್ಟಿಗಳಿದ್ದವು. ಕೆಂಪು ಪಟ್ಟಿಯವು ಪಾಸ್‌ವರ್ಡ್ ಕದಿಯುವಂಥವು. ಹಳದಿಯವು ಬರೀ ಪೀಡೆ. ಓರೆಸ್ಟ್ ಎರಡನ್ನೂ ನಾಳೆ ಪರೀಕ್ಷೆಯಿರುವವನಂತೆ ಓದಿದ್ದ.

ತೂಲಾಳ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷ ಜೊತೆಗೆ ಬಾಳಿದ ಡೇಲ್‌ಗೆ ವಿನ್ನಿಪೆಗ್‌ನಲ್ಲಿ ಹೆಂಡತಿ ಇದ್ದಾಳೆಂದು ತಿಳಿದದ್ದು ಹಲ್ಲಿನ ಡಾಕ್ಟರರ ಪತ್ರದಿಂದ. ಅಂದಿನಿಂದ ಸಣ್ಣಕ್ಷರ ಓದದೆ ಅವಳು ಯಾರನ್ನೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಈಚೆಗೆ ಗುರುವಾರ ಹತ್ತು ಗಂಟೆ, ಓರೆಸ್ಟ್ ಬರುವ ಹೊತ್ತಾದರೆ, ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿದ್ದದ್ದು ಅವಳಿಗೆ ಸರಿಬಂದಿರಲಿಲ್ಲ.

ಲ್ಯಾಪ್‌ಟಾಪಿಗೆ ಏನು ಯಾವಾಗ ಸೇರಿತೆಂಬ ದಾಖಲೆ ತೆರೆದಳು. ಮೂರು ಪ್ರೋಗ್ರಾಮ್‌ಗಳು, ಇವತ್ತೇ, ಒಂಬತ್ತು ಐವತ್ತೆರಡರಿಂದ ಐವತ್ತೇಳರೊಳಗೆ. ವೈಫೈ ಅವಳ ಅಂಗಡಿಯದೇ. ಅಂದರೆ ಹೊರಗೆ ಕಾರಿನಲ್ಲಿ ಕೂತು ಹಾಕಿಕೊಂಡದ್ದು. ಅದಕ್ಕಿಂತ ಕೆಟ್ಟದ್ದು, ಮೂರಕ್ಕೂ ‘ಕಸ್ಟಮ್’. ಮೋಸಹೋಗುವವರು ಯಾರೂ ಕಸ್ಟಮ್ ಒತ್ತುವುದಿಲ್ಲ.

ಅವಳು ಲ್ಯಾಪ್‌ಟಾಪಿನ ಪರದೆಯನ್ನು ಅವನ ಕಡೆ ತಿರುಗಿಸಿದಳು.

“ಯಾರು ಕಳಿಸಿದ್ದು ನಿಮ್ಮನ್ನ?”

“ಯಾರೂ ಇಲ್ಲ.”

“ಟಿಕ್ ತೆಗೆಯೋದು ಹೇಳ್ಕೊಟ್ಟೆ. ನೀವು ಆರಿಸಿ ಆರಿಸಿ ಇಟ್ಕೊಂಡಿದೀರಿ. ಏನು ಬೇಕು ನಿಮಗೆ?”

ಓರೆಸ್ಟನ ಕಿವಿಗಳು ಕೆಂಪಾದವು. ಮೊದಲ ಸಲ ನಿಜವಾಗಿಯೂ ಮೋಸಹೋಗಿದ್ದನಂತೆ. ಆಮೇಲೆ ಇಲ್ಲಿಗೆ ಬರಲು ಒಂದು ನೆಪ ಬೇಕಾಗಿತ್ತಂತೆ.

“ಎಕ್ಸ್‌ಪ್ರೆಸ್ ಒತ್ತಿದ್ರೆ ಏನೇನು ನುಗ್ಗುತ್ತೋ ಗೊತ್ತಾಗಲ್ಲ ಅಂದಿದ್ರಲ್ಲ,” ಎಂದ. “ನಿಮ್ಮ ಅಂಗಡೀಗೆ ಕೆಂಪು ಪಟ್ಟೀದು ಬರಬಾರದು. ಅದಕ್ಕೆ ಹಳದೀದು ಮಾತ್ರ ಇಟ್ಕೊಂಡೆ.”

ಅವಳು ಮೂರು ಹೆಸರನ್ನೂ ಗೋಡೆಗೆ ಹೋಲಿಸಿ ನೋಡಿದಳು. ಮೂರೂ ಹಳದಿ. ದಾಖಲೆಯಲ್ಲಿ ನಾಲ್ಕನೆಯದೊಂದಿತ್ತು, ಕೆಂಪು. ಅದರ ಮುಂದೆ ‘ನಿರಾಕರಿಸಲಾಗಿದೆ’ ಎಂದಿತ್ತು.

ಇಷ್ಟು ಎಚ್ಚರದಿಂದ ಯಾರೂ ಅವಳಿಗೆ ಸುಳ್ಳು ಹೇಳಿರಲಿಲ್ಲ.

“ನಿಮ್ಮ ಜೊತೆ ಇನ್ನೇನೇನು ಬರುತ್ತೆ? ಈಗಲೇ ಹೇಳ್ಬಿಡಿ.”

“ಅಮ್ಮ. ಬೇಡ ಅಂದ್ರೂ ಭಾನುವಾರ ಪಿರೋಗಿ ಕಡುಬು ತರ್ತಾಳೆ. ಒಂದು ಕಿವುಡ ನಾಯಿ. ಒಂದು ಡಿವೋರ್ಸು, ಮುಗಿದಿದೆ.”

“ಮುಗಿದಿರೋ ಕಾಗದ ತನ್ನಿ.”

ಮುಂದಿನ ಗುರುವಾರ ಹತ್ತಕ್ಕೆ ಲ್ಯಾಪ್‌ಟಾಪ್ ಇಲ್ಲದೆ ಬಂದ, ಕಾಗದವಿತ್ತು, ನಾಯಿಯಿತ್ತು. ಅವಳು ಒಂಬತ್ತು ಪುಟವನ್ನೂ ನಿಂತೇ ಓದಿದಳು. ಕೊನೆಯ ಪುಟದ ಬೆನ್ನನ್ನೂ ತಿರುಗಿಸಿ ನೋಡಿದಳು. ನಾಯಿ ಅವನ ಬೂಟಿನ ಮೇಲೆ ನಿದ್ದೆಹೋಯಿತು.

ಕಿವಿಯ ಹಿಂದಿನ ಸ್ಕ್ರೂಡ್ರೈವರ್ ತೆಗೆದು ಡ್ರಾಯರಿನಲ್ಲಿಟ್ಟಳು. ಬಾಗಿಲ ಬೋರ್ಡನ್ನು ‘ಮುಚ್ಚಿದೆ’ಗೆ ತಿರುಗಿಸಿದಳು.

“ಆ ಪಿರೋಗಿ ಒಳಗೆ ಏನಿರುತ್ತೆ?”

“ಆಲೂಗಡ್ಡೆ ಅಂತಾಳೆ.”

“ಅಂತಾಳಾ?”

“ಭಾನುವಾರ ನೀವು ಬಿಡಿಸಿ ನೋಡ್ಕೊಂಡೇ ತಿನ್ನಿ,” ಎಂದು ಓರೆಸ್ಟ್ ಅವಳು ತೊಡಲೆಂದು ಅವಳ ಕೋಟು ಹಿಡಿದು ನಿಂತ.