ಹತ್ತಿಯ ಮೇಲೆ ಮಲಗಿದ ಬೆಳ್ಳಿ

"ಏನ್ ಹಾಕಿದ್ರಿ ನನ್ನ ನಾಯಿಗೆ?"

ಲಾಸ್ಯ ಹಾಸಿಗೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಕೇಳಿದಳು. ದಿಂಬಿಗೆ ಹತ್ತಿ ತುಂಬುತ್ತಿದ್ದ ಅಮರೇಶ್ ತಲೆಯೆತ್ತಿದ. ಅವನ ಹುಬ್ಬಿನ ಮೇಲೂ ಹತ್ತಿಯ ಎಳೆ. ಪಕ್ಕದ ಹತ್ತಿ ರಾಶಿಯ ಮೇಲೆ ಬೆಳ್ಳಿ ಹಾಯಾಗಿ ಮಲಗಿತ್ತು.

"ಏನೂ ಇಲ್ಲ ಕಣ್ರೀ. ತಾನೇ ಬಂದ್ಲು, ತಾನೇ ಮಲಗಿದ್ಲು."

"ಸುಳ್ಳು. ಬಿಸ್ಕತ್ತು ಹಾಕಿ ಬುಟ್ಟಿಗೆ ಹಾಕ್ಕೊಂಡಿದೀರ."

"ಅವಳಿಗೆ ಹಲ್ಲೆಲ್ಲಿವೆ ಬಿಸ್ಕತ್ತು ಕಡಿಯೋಕೆ?" ಅವನು ನಕ್ಕ. ನಗು ಚೆನ್ನಾಗಿತ್ತು. ಅದಕ್ಕೇ ಲಾಸ್ಯಳಿಗೆ ಇನ್ನಷ್ಟು ಸಿಟ್ಟು ಬಂತು.

ನಾಯಿಗಳ ಆಶ್ರಯಧಾಮದಲ್ಲಿ ಎಲ್ಲರೂ ಮರಿಗಳನ್ನು ಎತ್ತಿ ಮುದ್ದಾಡುತ್ತಿದ್ದಾಗ, ಮೂಲೆಯಲ್ಲಿದ್ದ ಈ ಮುದಿನಾಯಿಯನ್ನು ಆರಿಸಿಕೊಂಡವಳು ಅವಳು. ಒಂದು ಕಣ್ಣಿಗೆ ಪೊರೆ, ಮೂತಿಯೆಲ್ಲ ನರೆ. "ಹೆಚ್ಚು ದಿನ ಇರಲ್ಲ ಮೇಡಂ, ಯೋಚನೆ ಮಾಡಿ" ಎಂದಿದ್ದರು ಅಲ್ಲಿಯವರು. ಇರುವಷ್ಟು ದಿನ ನನ್ನವಳಾಗಿರಲಿ ಎಂದುಕೊಂಡಿದ್ದಳು ಲಾಸ್ಯ. ಹಗಲೆಲ್ಲ ಲ್ಯಾಬಿನಲ್ಲಿ ಕಂಡವರ ರಕ್ತ ತೆಗೆದು ದಣಿದು ಬಂದರೆ, ಬಾಗಿಲಲ್ಲಿ ತನಗಾಗಿ ಒಂದು ಬಾಲ ಅಲ್ಲಾಡಲಿ ಎಂಬುದಷ್ಟೇ ಅವಳ ಆಸೆ.

ಬಾಲವೇನೋ ಅಲ್ಲಾಡುತ್ತಿತ್ತು. ಆದರೆ ಅದು ವಾಕಿಂಗ್ ಹೋಗುವ ಖುಷಿಗೆ. ಲಷ್ಕರ್ ಮೊಹಲ್ಲಾದಲ್ಲಿ ಹಾಸಿಗೆ ಅಂಗಡಿಯಿದ್ದ ಆ ತಿರುವು ಬಂದರೆ ಸಾಕು, ಕುಂಟುವ ಕಾಲಿಗೂ ಓಟ ಬರುತ್ತಿತ್ತು.

"ಬಂದ್ಯಾ ನನ್ನ ಚಿನ್ನ?" ಅಮರೇಶ್ ಮಂಡಿಯೂರಿ ಕೂತು, ಅದರ ಕಿವಿಯ ಹಿಂದೆ ಬೆರಳಾಡಿಸುತ್ತಿದ್ದ. ಬೆಳ್ಳಿ ಕಣ್ಣು ಮುಚ್ಚುತ್ತಿತ್ತು. ಆ ಬೆರಳುಗಳನ್ನೇ ನೋಡುತ್ತ ನಿಂತ ಲಾಸ್ಯ, ಅವನು ಮುಖ ಎತ್ತಿದೊಡನೆ ಎದುರಿನ ಬೋರ್ಡು ಓದತೊಡಗುತ್ತಿದ್ದಳು.

"ಸಾಕಿದ್ದು ನಾನು, ಮೆರೆಯೋದು ಅವನು," ಎಂದು ಮನೆಯಲ್ಲಿ ಗೊಣಗಿದಳು.

ತಾಯಿ ಸರ್ವಮಂಗಳಾ ಹುರುಳಿಕಾಯಿ ಸೋಸುತ್ತಲೇ ಕೇಳಿದರು: "ನಿನ್ನ ಹೊಟ್ಟೆಕಿಚ್ಚು ಅವನ ಮೇಲೋ, ನಾಯಿ ಮೇಲೋ?"

"ಸುಮ್ನಿರಮ್ಮ!"

ಆದರೆ ಮಾತು ನಾಟಿತ್ತು. ಮರುದಿನದಿಂದ ಲಾಸ್ಯ ಬೇರೆ ಗಲ್ಲಿ ಹಿಡಿದಳು. ಬೆಳ್ಳಿ ಹಳೆಯ ತಿರುವಿನಲ್ಲೇ ಕೂತುಬಿಡುತ್ತಿತ್ತು. ಎಳೆದರೂ ಏಳದು. ಮನೆಗೆ ಬಂದರೆ ಅನ್ನ ಮೂಸಿಯೂ ನೋಡದು. ಒಂದು ಬೆಳಿಗ್ಗೆ ಮಹಡಿ ಮನೆಯ ಮೆಟ್ಟಿಲಿಳಿಯುವಾಗ ಅದರ ಹಿಂಗಾಲು ಸೋತವು, ಉರುಳಿ ಬಿತ್ತು.

"ಮೂಳೆ ಮುರಿದಿಲ್ಲ. ಆದ್ರೆ ಇನ್ಮೇಲೆ ಮೆಟ್ಟಿಲು ಬೇಡ," ಎಂದರು ಡಾಕ್ಟರು. "ವಯಸ್ಸಾಗಿದೆಯಲ್ಲಮ್ಮ. ಅವಳಿಗೆ ಖುಷಿಯಾಗೋ ಕಡೆ ಇರಲಿ."

ಅವಳಿಗೆ ಖುಷಿಯಾಗುವ ಕಡೆ ಯಾವುದೆಂದು ಲಾಸ್ಯಳಿಗೆ ಯಾರೂ ಹೇಳಬೇಕಿರಲಿಲ್ಲ. ಆಟೋದಿಂದ ಇಳಿದವಳೇ ಬೆಳ್ಳಿಯನ್ನು ಎದೆಗವಚಿಕೊಂಡು ನೇರ ಹಾಸಿಗೆ ಅಂಗಡಿಗೆ ನಡೆದಳು.

"ಇವಳನ್ನ ನೀವೇ ಇಟ್ಕೊಳ್ಳಿ. ನಿಮ್ಮ ಮನೆ ಅಂಗಡಿ ಹಿಂದೇನೇ ಅಲ್ವಾ, ಮೆಟ್ಟಿಲಿಲ್ಲ." ಬೆಳ್ಳಿಯನ್ನು ಅವನತ್ತ ನೀಡಿದಳು. "ಹೇಗೂ ಇವಳಿಗೆ ನೀವೇ ಇಷ್ಟ."

ಅಮರೇಶ್ ಕೈ ಚಾಚಲಿಲ್ಲ.

"ಇವಳೊಬ್ಬಳನ್ನೇ ಕೊಟ್ರೆ ನಾನು ತಗೊಳಲ್ಲ."

"ಅಂದ್ರೆ?"

"ಸಂಜೆಯಾದ್ರೆ ನಾನು ಗಲ್ಲಿ ಕಡೆ ನೋಡ್ತಿದ್ದದ್ದು ಬರೀ ನಾಯಿಗೆ ಅಂದ್ಕೊಂಡ್ರಾ?" ಅವನ ಕಿವಿ ಕೆಂಪಾಗಿತ್ತು. "ಹಗ್ಗದ ಆ ತುದಿ ಹಿಡ್ಕೊಂಡು ಯಾರೋ ಸಿಡುಕ್ತಾ ಬರ್ತಿದ್ರಲ್ಲ, ಅವ್ರಿಗೆ ಕಾಯ್ತಿದ್ದೆ. ನೀವು ಬರೋದು ನಿಲ್ಸಿದ ಮೇಲೆ ಒಂದು ದಿಂಬೂ ನೆಟ್ಟಗೆ ಹೊಲಿದಿಲ್ಲ ಕಣ್ರೀ."

ಲಾಸ್ಯ ಬೆಳ್ಳಿಯ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

"ಮೊದಲೇ ಹೇಳೋಕೆ ಏನಾಗಿತ್ತು? ಇಷ್ಟು ದಿನ ಒಂದು ನಾಯಿ ಮೇಲೆ ಹೊಟ್ಟೆ ಉರ್ಕೊಂಡಿದೀನಿ ನಾನು!"

ಮುಂದಿನ ಶುಭಮುಹೂರ್ತದಲ್ಲೇ ಅವರ ಮದುವೆಯಾಯಿತು. ಬೆಳ್ಳಿ ಒಂದು ಚಳಿಗಾಲ, ಒಂದು ಬೇಸಿಗೆ ಅವರಿಬ್ಬರ ನಡುವೆಯೇ ಮಲಗಿತು. ಕೊನೆಯ ಬೆಳಿಗ್ಗೆ ಅಮರೇಶ್ ಎಷ್ಟು ಕರೆದರೂ ಅತ್ತ ತಿರುಗದೆ, ತೆವಳಿಕೊಂಡು ಬಂದು ಲಾಸ್ಯಳ ಮಡಿಲಲ್ಲಿ ತಲೆಯಿಟ್ಟಿತು.

"ನನ್ನ ಹತ್ರ ಬರ್ಲೇ ಇಲ್ಲ ನೋಡು," ಎಂದ ಅವನು, ಮಗುವಿನಂತೆ ಮುಖ ಮಾಡಿ.

ಲಾಸ್ಯ ಅಳುತ್ತಲೇ ಅವನ ಕೈಯನ್ನು ಎಳೆದು, ಇನ್ನೂ ಬೆಚ್ಚಗಿದ್ದ ಬೆಳ್ಳಿಯ ಬೆನ್ನ ಮೇಲೆ ಇಟ್ಟಳು.