ಹುಳ ಹಣ್ಣಾದ ದಿನ

"ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಮುಂದಿಟ್ರೆ ನೋಡಿ…"

ರೇಷ್ಮೆ ಹುಳದ ಮನೆಯ ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತವಳು ಕೂಟಗಲ್‌ನ ಕರಿಯಯ್ಯನ ಮಗಳು ವರಲಕ್ಷ್ಮಿ. ಎದುರಿಗಿದ್ದವನು ಕನಕಪುರದ ಸಿದ್ದರಾಮು, ರೇಷ್ಮೆಗೂಡು ಸಾಗಿಸುವ ಟೆಂಪೋದವನು.

"ಏನಮ್ಮಾ, ಒಳಗೆ ದೇವ್ರೈತಾ?"

"ಹುಳ ಐತೆ. ಬ್ಲೀಚಿಂಗ್ ನೀರಲ್ಲಿ ಕೈಕಾಲು ತೊಳ್ಕೊಂಡು ಬನ್ನಿ."

ತೊಳೆದ. ಅವಳು ನಗುವವರೆಗೂ ತೊಳೆಯುತ್ತಲೇ ಇದ್ದ!

ಅದು ಎರಡು ಸಾವಿರದ ಇಪ್ಪತ್ತರ ದೀಪಾವಳಿ ಸಮಯ. ಮರುವರ್ಷದ ಯುಗಾದಿಗೆ, ಇಬ್ಬರ ಒಲವು ಕಂಡು, ಕರಿಯಯ್ಯನೇ ಸಿದ್ದರಾಮುವಿಗೆ ಬಾಯಿಬಿಟ್ಟು ಹೇಳಿದ.

"ಈ ಬೆಳೆ ಮಾರ್ಕೆಟ್ಟಿಗೆ ಹೋಗ್ಲಿ ಕಣಪ್ಪ, ಮದ್ವೆ ಮಾಡ್ಬುಡಾನ."

ಒಂದೇ ವಾರಕ್ಕೆ ಹುಳ ಹಣ್ಣಾಯಿತು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಅವತ್ತೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಕೆಲಸಕ್ಕೆ ಪ್ರತಿಕೆಲಸದ ಲೆಕ್ಕದಲ್ಲಿ ಮುಯ್ಯಾಳು ಒಂಬತ್ತು ಜನ ಬಂದರು. ಬಿಡದಿ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ವರಲಕ್ಷ್ಮಿಯೂ ರಜೆ ಹಾಕಿದಳು. ಎರಡು ದಿನದಿಂದ ಅವಳ ಗಂಟಲು ಕೆರೆಯುತ್ತಿತ್ತು.

'ಒಂದು ಮಾತ್ರೆ ನುಂಗಿದರಾಯ್ತು… ಇವತ್ತು ಮಲಗಿದರೆ ಬೆಳೆ ಯಾರು ನೋಡುತ್ತಾರೆ?'

ಹುಳಕ್ಕೆ ರೋಗ ತಗುಲಬಾರದೆಂದು ಎಲ್ಲರೂ ಕೈಕಾಲು ತೊಳೆದರು. ಹುಳ ಕೊಲ್ಲುವ ಊಜಿ ನೊಣ ನುಗ್ಗಬಾರದೆಂದು ಕಿಟಕಿ, ಬಾಗಿಲು ಮುಚ್ಚಿಕೊಂಡರು. ಮಾಸ್ಕುಗಳು ಮಾತ್ರ ಗೂಟದಲ್ಲೇ ನೇತಾಡಿದವು. ಸೆಕೆ ನೋಡಿ! ಹುಳದ ಮೇಲಿದ್ದ ಕಾಳಜಿಯಲ್ಲಿ ಅರ್ಧ ಮನುಷ್ಯರ ಮೇಲಿದ್ದಿದ್ದರೂ ಸಾಕಿತ್ತು.

ಕೈಜೋಡಿಸಲು ಬಂದಿದ್ದ ಸಿದ್ದರಾಮು ಎರಡು ಸಲ ಕೆಮ್ಮಿದ. ಎಲ್ಲರೂ ತಿರುಗಿ ನೋಡಿದರು.

"ಧೂಳು ಕಣ್ರೀ. ನಂಗೆ ಕೊರೋನಾ ಹೋದ್ವರ್ಷವೇ ಬಂದೋಗೈತೆ. ಮತ್ತೆ ಬರಾಕಿಲ್ಲ!"

ಹನ್ನೆರಡನೇ ದಿನ ಕರಿಯಯ್ಯ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡಿ ತೀರಿಕೊಂಡ. ಅಷ್ಟರಲ್ಲಿ ವರಲಕ್ಷ್ಮಿಗೂ ಸಿದ್ದರಾಮುವಿಗೂ ಕೊರೋನಾ ಪಾಸಿಟಿವ್ ಬಂದಿತ್ತು.

"ನಮ್ಮಪ್ಪನ್ನ ಕೊಂದೋನು ನೀನೇ!" ವರಲಕ್ಷ್ಮಿ ಫೋನಿನಲ್ಲಿ ಕಿರುಚಿದಳು. "ಬರಾಕಿಲ್ಲ ಅಂದ್ಯಲ್ಲಾ… ಇನ್ನು ಮುಖ ತೋರಿಸ್ಬೇಡ!"

ಊರೂ ಅವಳ ಮಾತನ್ನೇ ಹಿಡಿದುಕೊಂಡಿತು. ಅವನ ಟೆಂಪೋಗೆ ಗೂಡು ಹಾಕುವವರೇ ಇಲ್ಲವಾದರು.

ಶ್ರಾವಣದಲ್ಲಿ ಆಶಾ ಕಾರ್ಯಕರ್ತೆ ಜಹೀದಾ ಬಂದಳು.

"ಆ ಹುಡುಗ ಟೆಂಪೋ ಮಾರ್ಬುಟ್ಟ ಕಣೆ. ಇನ್ನು ಮುಚ್ಚಿಡೋಕೆ ನನ್ ಕೈಲಾಗಲ್ಲ. ನಿಮ್ಮೆಲ್ರ ಸ್ಯಾಂಪಲ್ಲು ಬೆಂಗ್ಳೂರಿನ ಲ್ಯಾಬಿಗೆ ಹೋಗಿತ್ತಲ್ಲ… ವೈರಸ್ಸು ರೂಪ ಬದಲಾಯ್ಸಿತ್ತಂತೆ. ನಿಮ್ಮಪ್ಪಂಗೆ ಬಂದಿದ್ದು ಡೆಲ್ಟಾ. ಸಿದ್ದರಾಮುಗೆ ಬಂದಿದ್ದು ಬೇರೆ ತಳಿ."

"ಮತ್ತೆ… ಅಪ್ಪಂಗೆ ಎಲ್ಲಿಂದ?"

ಜಹೀದಾ ಕಣ್ಣು ತಪ್ಪಿಸಿದಳು. "ನಿಮ್ಮ ಗಾರ್ಮೆಂಟ್ಸಲ್ಲಿ ನಿನ್ ಲೈನಿನ ಹನ್ನೊಂದು ಜನಕ್ಕೆ ಡೆಲ್ಟಾ ಬಂದಿತ್ತು. ನಿಂದೂ ಅದೇ."

ವರಲಕ್ಷ್ಮಿಗೆ ಹುಳ ಹಣ್ಣಾದ ದಿನ ನೆನಪಾಯಿತು. ಆ ಗಂಟಲ ಕೆರೆತ… ಆ ಒಂದು ಮಾತ್ರೆ…

"ಅವನಿಗೆ ಗೊತ್ತಾ?"

"ಜೂನಿಂದ ಗೊತ್ತು, ನಾನೇ ಹೇಳಿದ್ದೆ. ಅವಳಿಗೆ ಹೇಳ್ಬೇಡಕ್ಕ ಅಂತ ಆಣೆ ಹಾಕಿಸ್ಕೊಂಡಿದ್ದ."

ಮರುದಿನ ಕನಕಪುರದ ಕಲ್ಲುಕ್ವಾರಿಯಲ್ಲಿ ಅವನು ಸಿಕ್ಕ. ಕೂಲಿ ಮಾಡುತ್ತಿದ್ದ, ತುಂಬಾ ಇಳಿದುಹೋಗಿದ್ದ.

"ಯಾಕೆ ಹೇಳ್ಲಿಲ್ಲ?"

"ನನ್ನ ಬೈದ್ರೆ ನಾನು ತಡ್ಕತೀನಿ. ನೀನು ನಿನ್ನೇ ಬೈಕೊಳಕ್ಕೆ ಶುರು ಮಾಡಿದ್ರೆ, ಪಕ್ಕದಲ್ಲಿ ಯಾರಿದ್ರು?"

"ನೀನಿರ್ಬೋದಿತ್ತು!"

"ನೀನೇ ಮುಖ ತೋರಿಸ್ಬೇಡ ಅಂದಿದ್ದೆ."

ಅವಳ ಕಣ್ಣು ತುಂಬಿ ಹರಿಯಿತು. "ನನ್ನ ಕ್ಷಮ್ಸಿದೀಯಾ?"

ಅವನು ಸುತ್ತಿಗೆ ಕೆಳಗಿಟ್ಟು ಕಲ್ಲಿನ ಮೇಲೆ ಕುಳಿತ. "ಇಲ್ಲ… ಸುಳ್ಳು ಯಾಕೆ ಹೇಳ್ಲಿ? ಇನ್ನೂ ಆಗಿಲ್ಲ."

"ನನ್ನ ಕೈಲೂ ಆಗ್ತಿಲ್ಲ, ನನ್ನನ್ನ ಕ್ಷಮ್ಸೋಕೆ. ಅದನ್ನ ಕೇಳೋಕಷ್ಟೇ ಬಂದಿಲ್ಲ ನಾನು… ಒಬ್ಳೇ ಅಳೋಕೆ ಆಗ್ತಿಲ್ಲ ಕಣೋ."

ಸಿದ್ದರಾಮು ಕುಳಿತಿದ್ದ ಕಲ್ಲಿನ ಮೇಲೆ ಒಸಿ ಪಕ್ಕಕ್ಕೆ ಸರಿದ.

"ಬಾ. ಕೂತ್ಕೋ."