ಪಾಚಿಯೂ ಒಂದು ಬೆಳೆ

"ಕಬ್ಬಿನ ಹಾಲು ಕೊಟ್ಟು ರಿಪೋರ್ಟು ಬೇಗ ಬರೆಸ್ಕೊಳ್ಳೋ ಆಟ ನನ್ನ ಹತ್ರ ನಡೆಯಲ್ಲ. ತಗೊಂಡ್ ಹೋಗಿ."

ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಆ ಹುಡುಗಿ ತಲೆಯನ್ನೂ ಎತ್ತದೆ ಹೀಗೆಂದಾಗ ಪುಟ್ಟರಾಜು ಕಕ್ಕಾಬಿಕ್ಕಿಯಾದ. ಕೈಯಲ್ಲಿದ್ದ ಹಾರ್ಲಿಕ್ಸ್ ಬಾಟಲಿಯನ್ನು ತಾನೇ ಒಮ್ಮೆ ಎತ್ತಿ ನೋಡಿದ. ಅವಳ ತಪ್ಪೇನೂ ಇರಲಿಲ್ಲ. ಮಂಡ್ಯದ ಕಡೆ ಬಾಟಲಿಯಲ್ಲಿ ಹಸಿರಾಗಿ ಏನಾದರೂ ಕಂಡರೆ ಅದು ಕಬ್ಬಿನ ಹಾಲೇ.

"ಇದು ಕುಡಿಯಾಕಲ್ಲ ಮೇಡಂ," ಎಂದ. "ಈಜಾಕೆ."

ಆಗ ಅವಳು ತಲೆಯೆತ್ತಿದಳು. ಮೊದಲು ಬಾಟಲಿ ನೋಡಿದಳು, ಆಮೇಲೆ ಅವನನ್ನು, ಮತ್ತೆ ಬಾಟಲಿಯನ್ನು. ನಗು ಬಂದದ್ದನ್ನು ತುಟಿ ಕಚ್ಚಿ ತಡೆದಳು. ತಡೆದದ್ದು ತುಟಿಯಲ್ಲಿ ಮಾತ್ರ, ಕಣ್ಣು ಅವಳ ಮಾತು ಕೇಳಲಿಲ್ಲ.

"ಇಲ್ಲಿ ಮಣ್ಣು ಮಾತ್ರ ನೋಡೋದು."

"ಹುಡುಕುದ್ರೆ ಇದ್ರೊಳಗೆ ಒಸಿ ಮಣ್ಣೂ ಸಿಕ್ತದೆ ಮೇಡಂ."

ಅವಳ ಹೆಸರು ದೇವಿರಮ್ಮ. ಚಿಕ್ಕರಸಿನಕೆರೆಯಿಂದ ಎರಡು ಮೈಲಿ ಒಳಗಿನ ಹಳ್ಳಿಯವಳು, ಆ ಹಳ್ಳಿಯ ಕೆಳಗಿನ ಕೇರಿಯಲ್ಲಿ ಬಿ.ಎಸ್ಸಿ. ಪಾಸು ಮಾಡಿದ ಮೊದಲನೆಯವಳು. ಇದೆಲ್ಲ ಪುಟ್ಟರಾಜುವಿಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿನಲ್ಲಿ ಅವನಿಗೆ ತಿಳಿದದ್ದು ಇಷ್ಟೇ: ತನ್ನ ಮಾತನ್ನು ಒಬ್ಬರು ಪೂರ್ತಿ ಕೇಳುತ್ತಿದ್ದಾರೆ.

ಅವನು ಹೇಳಿದ. ಮಂಡ್ಯದ ಊರಾಚೆ ಒಂದು ಕ್ಲಬ್ಬು. ಅಲ್ಲಿ ನಾಲೆ ನೀರು ತುಂಬಿಸುವ, ಅರವತ್ತಡಿ ಉದ್ದದ ಈಜುಕೊಳ. ಅದನ್ನು ನೋಡಿಕೊಳ್ಳುವುದು ಅವನ ಕೆಲಸ. ನಾಲೆಗೆ ಬಿದ್ದ ಹಳ್ಳಿಮಕ್ಕಳನ್ನು ಅವನು ಎರಡು ಸಲ ಮೇಲೆತ್ತಿದ್ದ, ಎರಡು ಸಲವೂ ತಡವಾಗಿತ್ತು. ಅಂದಿನಿಂದ ಕಾಡಿ ಬೇಡಿ ಕ್ಲಬ್ಬಿನವರನ್ನು ಒಪ್ಪಿಸಿದ್ದ. ಮೇ ತಿಂಗಳ ಮೊದಲ ಭಾನುವಾರ ಮೂವತ್ತು ಮಕ್ಕಳಿಗೆ ಈಜು ಕಲಿಸುವುದು ಶುರು. ಆದರೆ ಕೊಳ ಮಾತ್ರ ಹಸಿರು. ಬ್ಲೀಚಿಂಗ್ ಪೌಡರ್ ಸುರಿದರೆ ಎರಡು ದಿನ ತಿಳಿಯಾಗುತ್ತದೆ, ನಾಲ್ಕನೆಯ ದಿನಕ್ಕೆ ಮತ್ತೆ ಪಾಚಿ. ಭಾನುವಾರಕ್ಕೆ ತಿಳಿಯಾಗದಿದ್ದರೆ ಕೊಳಕ್ಕೆ ಮಣ್ಣು ತುಂಬಿಸಿ ಟೆನಿಸ್ ಕೋರ್ಟು ಮಾಡಿಸುತ್ತೇನೆಂದು ಸೆಕ್ರೆಟರಿ ವೆಂಕಟೇಶಮೂರ್ತಿಯವರು ಹೇಳಿಬಿಟ್ಟಿದ್ದರು.

ಇನ್ನೂ ಒಂದು ಮಾತಿತ್ತು. ಅದನ್ನು ಅವನು ಹೇಳಲಿಲ್ಲ.

ದೇವಿರಮ್ಮ ಹಸಿರು ನೀರನ್ನು ಕಾಗದದಲ್ಲಿ ಸೋಸಿದಳು. ತಿಳಿಯಾಗಿ ಇಳಿದ ನೀರಿಗೆ ಎರಡು ಸೀಸೆಗಳಿಂದ ಹನಿ ಹನಿ ಹಾಕಿ ಅಲುಗಿಸಿದಳು. ನೋಡುತ್ತಿದ್ದಂತೆಯೇ ಅದು ನೀಲಿಗಟ್ಟಿತು.

"ಅಬ್ಬಾ! ಎಂಥಾ ಬಣ್ಣ ಮೇಡಂ!"

"ಬಣ್ಣಕ್ಕೆ ಖುಷಿಪಡಬೇಡಿ. ನೀಲಿ ಎಷ್ಟು ದಟ್ಟವೋ ಫಾಸ್ಫೇಟು ಅಷ್ಟು. ಗದ್ದೆಗೆ ಹಾಕೋ ಗೊಬ್ಬರದ ಸತ್ವ ಇದು. ಬ್ಲೀಚಿಂಗ್ ಪೌಡರ್ ಪಾಚಿನ ಸಾಯಿಸುತ್ತೆ, ಆದ್ರೆ ಅದರ ಊಟ ನೀರಲ್ಲೇ ಉಳಿದಿರುತ್ತೆ. ಊಟ ಇರೋವರೆಗೂ ಅದು ಹುಟ್ತಾನೇ ಇರುತ್ತೆ." ಅವಳು ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದಳು. "ಊಟ ಎಲ್ಲಿಂದ ಬರ್ತಿದೆ ಅಂತ ಹುಡುಕ್ಬೇಕು. ನಾಳೆ ನಾಲೆ ನೀರು ತನ್ನಿ."

ಅವನು ಮಂಗಳವಾರ ನಾಲೆ ನೀರು ತಂದ. ನೀಲಿ ಬಂತೋ ಇಲ್ಲವೋ ಎನ್ನುವಷ್ಟು ತೆಳುವಾಗಿತ್ತು. ಬುಧವಾರ ಬಾವಿ ನೀರು, ಬ್ಲೀಚಿಂಗ್ ಪೌಡರ್, ನೆಲ ತೊಳೆಯುವ ಸೋಪು ಎಲ್ಲವನ್ನೂ ಹೊತ್ತು ತಂದ. ಯಾವುದರಲ್ಲೂ ತಪ್ಪು ಸಿಗಲಿಲ್ಲ. ಅವನ ಮುಖ ಬಾಡಿತು.

"ಇನ್ನೇನು ಬಿಟ್ಟಿದೀರಾ?" ಎಂದು ಕೇಳಿದಳು.

ಪುಟ್ಟರಾಜು ಖಾಲಿ ಬಾಟಲಿಗಳ ಮುಚ್ಚಳವನ್ನು ಒಂದೊಂದಾಗಿ ತಿರುಗಿಸಿ ಮುಚ್ಚಿದ. "ನಾನೇ ಉಳ್ದಿರೋದು ಮೇಡಂ," ಎಂದ ಕೊನೆಗೆ. "ಕ್ಲಬ್ಬಲ್ಲಿ ಒಬ್ರು ಅಂದ್ರು, ಇವ್ನ ಕೈ ಬಿದ್ಮೇಲೇ ನೀರು ಹಸ್ರಾಗಿದ್ದು ಅಂತ. ನಾನು ಯಾವ ಕೇರಿಯವ್ನು ಅಂತ ಅವ್ರಿಗೆ ಗೊತ್ತು. ಮೊದ್ಲು ಸಿಟ್ಟು ಬಂತು. ಬರ್ತಾ ಬರ್ತಾ ನಂಗೇ ಅನುಮಾನ. ಇರ್ಬೋದೇನೋ ಅಂತ."

ದೇವಿರಮ್ಮನ ಕೈ ನಿಂತಿತು. ಊರ ಬಾವಿಯ ಪಕ್ಕದಲ್ಲಿ ಅವಳ ತಾಯಿ ಪಟ್ಟಲಮ್ಮ ಬಿಂದಿಗೆ ಹಿಡಿದು, ಯಾರಾದರೂ ಮೇಲಿನಿಂದ ಹುಯ್ಯಲಿ ಎಂದು ಮಧ್ಯಾಹ್ನದವರೆಗೂ ಕಾದು ನಿಲ್ಲುತ್ತಿದ್ದಳು. ಅದನ್ನು ಅವಳು ಅವನಿಗೆ ಒಂದೇ ಮಾತಿನಲ್ಲಿ ಹೇಳಿದಳು. ಹೇಳುವಾಗ ಪಟ್ಟಣದ ಮಾತು ಬಿಟ್ಟುಹೋಗಿ ಊರಿನ ಮಾತು ಬಂತು.

"ನಮ್ಮವ್ವನೂ ಊರ ಬಾವಿ ತಾವ ಅಂಗೇ ನಿಂತಿದ್ಲು ಕಣ್ರೀ. ಕೊಡಿ ಇಲ್ಲಿ ನಿಮ್ಮ ಕೈಯ."

ಬಟ್ಟಲೊಂದಕ್ಕೆ ಭಟ್ಟಿ ಇಳಿಸಿದ ನೀರು ಹಾಕಿ, ಅವನ ಮಣಿಕಟ್ಟು ಹಿಡಿದು, ಬಲಗೈಯನ್ನು ಅದರಲ್ಲಿ ಮುಳುಗಿಸಿದಳು. ತನ್ನ ಕೈಯನ್ನು ಇನ್ನೊಂದು ಬಟ್ಟಲಿನಲ್ಲಿ ಮುಳುಗಿಸಿ ಎದುರು ಕೂತಳು. "ಹತ್ತು ನಿಮಿಷ. ಅಲುಗಾಡಬಾರದು."

ಆ ಹತ್ತು ನಿಮಿಷದಲ್ಲಿ ಪುಟ್ಟರಾಜು ಗೋಡೆಯ ಗಡಿಯಾರ ನೋಡಿದ, ಕಿಟಕಿ ನೋಡಿದ, ಅವಳ ಕಿವಿಯ ಬಳಿ ಜಾರಿದ್ದ ಕೂದಲು ನೋಡಿದ. ಅವಳೂ ಗಡಿಯಾರ ನೋಡುವಂತೆ ಮಾಡಿ ಅವನನ್ನೇ ನೋಡಿದಳು. ಇಬ್ಬರ ನೋಟವೂ ಒಂದು ಸಲ ಅಡ್ಡ ಸಿಕ್ಕಿತು. ಇಬ್ಬರೂ ಬಟ್ಟಲು ನೋಡತೊಡಗಿದರು, ಅಲ್ಲೇನೋ ಮೀನು ಇದೆಯೆಂಬಂತೆ.

ಸೀಸೆಯ ಹನಿಗಳು ಬಿದ್ದವು. ಎರಡು ನೀರೂ ಇದ್ದ ಹಾಗೇ ಇದ್ದವು. ನೀಲಿಯ ನೆರಳೂ ಇಲ್ಲ.

"ನೋಡ್ಕೊಳ್ಳಿ," ಎಂದಳು. "ಪರೀಕ್ಷೆ ಮಾಡಿ ಹೇಳ್ತಿದೀನಿ, ಸಮಾಧಾನಕ್ಕಲ್ಲ."

ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಮುಟ್ಟಬೇಡ ಎಂದವರಿದ್ದರು, ಪರವಾಗಿಲ್ಲ ಮುಟ್ಟು ಎಂದ ದೊಡ್ಡ ಮನಸ್ಸಿನವರೂ ಇದ್ದರು. ಮುಟ್ಟಿದರೆ ಏನಾಗುತ್ತದೆ ಎಂದು ನಿಜವಾಗಿ ನೋಡಿದವರು ಇವಳೊಬ್ಬಳೇ. ಥ್ಯಾಂಕ್ಸ್ ಎನ್ನುವ ಬದಲು ಎರಡೂ ಬಟ್ಟಲನ್ನು ತಾನೇ ತೊಳೆದು ಮಗುಚಿಟ್ಟ.

ಗುರುವಾರ ಅವಳೇ ಸೀಸೆಗಳನ್ನು ಬೆತ್ತದ ಬುಟ್ಟಿಯಲ್ಲಿಟ್ಟುಕೊಂಡು ಸಂಜೆಯ ಬಸ್ಸಿನಲ್ಲಿ ಕ್ಲಬ್ಬಿಗೆ ಬಂದಳು. ಪುಟ್ಟರಾಜು ಸಡಗರದಿಂದ ಎಲ್ಲ ತೋರಿಸಿದ. ಎಲ್ಲಕ್ಕಿಂತ ಹೆಮ್ಮೆಯಿಂದ ತೋರಿಸಿದ್ದು ಕೊಳದ ಹಿಂದಿನ ಇಟ್ಟಿಗೆ ತೊಟ್ಟಿಯನ್ನು.

"ಸೋಸೋ ಮಿಷನ್ನು ಕೆಟ್ಟೋಗಿ ವರ್ಷ ಆಯ್ತು. ಅದ್ಕೇ ನಾನೇ ಒಂದು ಐಡಿಯಾ ಮಾಡ್ದೆ. ಚೀಲಕ್ಕೆ ಮರಳು ತುಂಬಿ ಸಾಲಾಗಿ ಜೋಡ್ಸಿದೀನಿ. ಪಂಪು ಕೊಳದ ನೀರು ಎಳ್ದು ಇದ್ರೊಳಗಿಂದ ಬುಡ್ತದೆ. ನೀರು ಹಸ್ರಾದಾಗೆಲ್ಲ ಚೀಲ ಬದ್ಲಾಯಿಸ್ತೀನಿ. ಈ ತಿಂಗ್ಳು ಮೂರು ಸಲ ಬದ್ಲಾಯಿಸ್ದೆ."

"ಚೀಲ ಎಲ್ಲಿಂದ ತರ್ತೀರಾ?"

"ಶಿವಪುರದಲ್ಲಿ ನಮ್ಮ ಮಾವ ದೊಡ್ಡಸಿದ್ದಯ್ಯ ಅವ್ನೆ. ಅವನ ಗದ್ದೆ ಮನೆಯಿಂದ."

ಅವಳು ಬಗ್ಗಿ ಒಂದು ಚೀಲದ ಹೊಲಿಗೆಯನ್ನು ಉಗುರಿನಿಂದ ಕೆರೆದಳು. ಬೂದುಬಣ್ಣದ ಪುಡಿ ಬೆರಳಿಗೆ ಅಂಟಿತು. ಚೀಲದ ಮೇಲೆ ಅರ್ಧ ಮಾಸಿದ ಅಕ್ಷರ: ಸೂಪರ್ ಫಾಸ್ಫೇಟ್.

ತೊಟ್ಟಿಗೆ ಬರುವ ನೀರನ್ನು ಒಂದು ನಳಿಕೆಗೆ, ತೊಟ್ಟಿಯಿಂದ ಹೋಗುವ ನೀರನ್ನು ಇನ್ನೊಂದಕ್ಕೆ ಹಿಡಿದಳು. ಹನಿ ಹಾಕಿದಳು. ಮೊದಲನೆಯದು ನೀಲಿಯಾಯಿತು. ಎರಡನೆಯದು ಶಾಯಿಯಷ್ಟು ಕಪ್ಪಾಯಿತು.

ಪುಟ್ಟರಾಜು ನಳಿಕೆಯನ್ನೂ ಚೀಲವನ್ನೂ ನೋಡಿದ. "ಚೆನ್ನಾಗಿ ಒದ್ರಿದ್ನಲ್ಲಾ ಮೇಡಂ..."

"ಪಾಚಿನೂ ಒಂದು ಬೆಳೆ ಕಣ್ರೀ. ನೀವು ಹತ್ತು ದಿನಕ್ಕೊಂದು ಸಲ ಗೊಬ್ಬರ ಹಾಕಿ ಬೆಳೆದಿದ್ದೀರಾ." ನಗಿಸಲೆಂದೇ ಹೇಳಿದಳು. ಆದರೆ ಅವನ ಮುಖ ನೋಡಿ ತನ್ನ ನಗುವನ್ನೇ ನುಂಗಿಕೊಂಡಳು.

ಅವನು ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತಿದ್ದ. ಮಕ್ಕಳಿಗೆ ಒಳ್ಳೆಯ ನೀರು ಸಿಗಲೆಂದು ತಾನು ಬೆನ್ನು ಮುರಿದು ಹೊತ್ತು ತಂದದ್ದೇ ನೀರನ್ನು ಕೆಡಿಸಿತ್ತು. ಸೆಕ್ರೆಟರಿಗೆ ಗೊತ್ತಾದರೆ ಕೆಲಸ ಹೋಗುವುದು ಖಂಡಿತ.

ದೇವಿರಮ್ಮ ದನಿ ತಗ್ಗಿಸಿದಳು. "ನಾಲೆ ನೀರಿಂದ ಅಂತ ಬರೀಲಾ? ಅದ್ರಲ್ಲೂ ಒಂದಿಷ್ಟು ಇದೆ. ಪೂರ್ತಿ ಸುಳ್ಳೇನಲ್ಲ."

ಅವನು ಅವಳನ್ನು ನೋಡಿದ. ಸುಳ್ಳು ಬರೆಯುವ ಹುಡುಗಿ ಇವಳಲ್ಲ. ತನಗಾಗಿ ಸುಳ್ಳಿನ ಅಂಚಿನವರೆಗೂ ಬಂದಿದ್ದಾಳೆ ಎಂದು ತಿಳಿದು ಅವನಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

"ಬ್ಯಾಡಿ. ನಾಲೆ ನೀರೇ ಕೆಟ್ಟದ್ದು ಅಂದ್ರೆ ಕೊಳ ಮುಚ್ಚೇ ಬುಡ್ತಾರೆ. ಚೀಲ ಅಂದ್ರೆ ನಾನೊಬ್ಬ ಓಯ್ತೀನಿ, ಮಕ್ಕಳು ಈಜು ಕಲೀತವೆ. ಇರೋದ್ನ ಬರೀರಿ."

ಅವಳು ಅಲ್ಲೇ ಕೂತು ಬರೆದಳು.

ಮರುದಿನ ಬೆಳಿಗ್ಗೆ ವೆಂಕಟೇಶಮೂರ್ತಿಯವರು ಕನ್ನಡಕ ಏರಿಸಿ ಅದನ್ನು ಗಟ್ಟಿಯಾಗಿ ಓದಿದರು. "ನೀರು ಹಸಿರಾದದ್ದು ಹಳೆಯ ಗೊಬ್ಬರದ ಚೀಲಗಳಿಂದ. ನೋಡಿಕೊಳ್ಳುವವನ ಕೈಯಿಂದ ನೀರು ಕೆಟ್ಟಿಲ್ಲ. ಯಾರ ಕೈಯಿಂದಲೂ ಕೆಡುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಲಾಗಿದೆ." ಕಡೆಯ ಸಾಲನ್ನು ಇನ್ನೊಮ್ಮೆ ಓದಿದರು. ಈ ಸಲ ದನಿ ಇಳಿದಿತ್ತು. ಪುಟ್ಟರಾಜುವಿನ ಕೈಯ ಬಗ್ಗೆ ಕ್ಲಬ್ಬಿನಲ್ಲಿ ಆ ಮಾತು ಬಂದಾಗ ಅವರೂ ಅಲ್ಲಿದ್ದರು, ಸುಮ್ಮನೆ ಕೇಳಿಸಿಕೊಂಡಿದ್ದರು.

"ಚೀಲ ತಂದಿಟ್ಟೋನು ನಾನೇ ಸಾರ್," ಎಂದ ಪುಟ್ಟರಾಜು.

"ಅದನ್ನೂ ಬರೆದಿದ್ದಾಳೆ. ನಿನ್ನ ಮೇಲೆ ಕರುಣೆ ಇರೋ ಹುಡುಗಿ ಅಲ್ಲ ಬಿಡು." ಕನ್ನಡಕ ಇಳಿಸಿದರು. "ಭಾನುವಾರಕ್ಕೆ ತಳ ಕಾಣಬೇಕು ಕಣಯ್ಯಾ. ಕಂಡರೆ ನೀನೂ ಇರ್ತೀಯಾ, ಕೊಳಾನೂ ಇರುತ್ತೆ. ಇಲ್ಲದಿದ್ರೆ ಎರಡೂ ಇಲ್ಲ."

ನೀರು ಖಾಲಿ ಮಾಡಿ ತುಂಬಿಸೋಣವೆಂದರೆ ಗುರುವಾರವೇ ರಿಪೇರಿಗೆಂದು ನಾಲೆ ನಿಲ್ಲಿಸಿದ್ದರು, ಬಾವಿ ನೀರು ಅಷ್ಟಕ್ಕೆ ಸಾಲದು. ಚೀಲಗಳನ್ನು ಎತ್ತಿ ಹಾಕಿದ್ದಾಯಿತು, ಇನ್ನು ಇದ್ದ ನೀರನ್ನೇ ತಿಳಿ ಮಾಡಬೇಕು.

"ಪಟಿಕ," ಎಂದಳು ದೇವಿರಮ್ಮ, ಶುಕ್ರವಾರ ಸಂಜೆ. "ಕ್ಷೌರದ ಅಂಗಡೀಲಿ ಗಲ್ಲಕ್ಕೆ ಉಜ್ತಾರಲ್ಲ, ಅದೇ. ಫಾಸ್ಫೇಟನ್ನ ಹಿಡ್ಕೊಂಡು ತಳಕ್ಕೆ ಕೂರುತ್ತೆ." ನಾಲ್ಕು ಬಕೆಟ್ಟಿನಲ್ಲಿ ಕೊಳದ ನೀರು ತುಂಬಿ, ಒಂದೊಂದಕ್ಕೂ ಹೆಚ್ಚು ಕಡಿಮೆ ಪಟಿಕ ಹಾಕಿ, ಮೂರನೆಯದು ಚೆನ್ನಾಗಿ ತಿಳಿಯಾದದ್ದು ನೋಡಿ ಲೆಕ್ಕ ಹಾಕಿದಳು. ಮೂವತ್ತು ಕೆ.ಜಿ. ಬೇಕು, ಜೊತೆಗೆ ಸುಣ್ಣದ ತಿಳಿ.

ಶನಿವಾರ ಮಧ್ಯಾಹ್ನ ಫಾರಂಗೆ ರಜೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಪಟಿಕ ಕುಟ್ಟಿ ಕರಗಿಸಿದಳು. ಅವನು ಕೊಳದ ಸುತ್ತ ನಡೆಯುತ್ತ ಹುಯ್ದ, ನೀರಿಗಿಳಿದು ಉದ್ದ ಗಣೆಯಿಂದ ಕಲಕಿದ.

"ಮೆಲ್ಲಗೆ! ಮುದ್ದೆ ತಿರುವ್ತಿದೀರಾ?"

"ಮುದ್ದೆ ತಿರುವಾಕೆ ಬತ್ತದೆ ನಂಗೆ. ನಿಮ್ಗೆ ಬತ್ತದಾ?"

"ಬರಲ್ಲ. ಗಂಟು ಕಟ್ಟುತ್ತೆ."

"ಅಂಗಾದ್ರೆ ಸರಿಓಯ್ತು," ಎಂದುಬಿಟ್ಟ. ಏನು ಸರಿಹೋಯ್ತು ಎಂದು ಅವಳು ಕೇಳಲಿಲ್ಲ. ಕಿವಿ ಮಾತ್ರ ಕೆಂಪಗಾಯಿತು.

ಸಂಜೆಯ ಹೊತ್ತಿಗೆ ನೀರೆಲ್ಲ ಮೋಡ ಕವಿದಂತೆ ಮಸುಕಾಯಿತು. ಅವನು ಹೆದರಿದ. ಅವಳೂ ಒಳಗೊಳಗೇ ಹೆದರಿದ್ದಳು. ಆದರೆ "ಕೂರಲಿ ಬಿಡಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಭಾನುವಾರ ಬೆಳಕು ಹರಿಯುವ ಮೊದಲೇ ಪುಟ್ಟರಾಜು ಕೊಳದ ಅಂಚಿನಲ್ಲಿದ್ದ. ತಳದಲ್ಲಿ ಬಿಳಿ ಗಷ್ಟು ಹಾಸಿ ಕೂತಿತ್ತು. ರಬ್ಬರ್ ಪೈಪು ಇಳಿಬಿಟ್ಟು ಅದನ್ನು ಅಲುಗಿಸದಂತೆ ಹೀರಿ ತೆಂಗಿನ ಬುಡಕ್ಕೆ ಹರಿಸಿದ. ಬಿಸಿಲು ಬಂತು. ಅರವತ್ತಡಿ ಉದ್ದಕ್ಕೂ ನೆಲದ ಹಾಸುಗಲ್ಲು ಒಂದೊಂದಾಗಿ ಎಣಿಸುವ ಹಾಗೆ ಕಂಡಿತು. ಅವನು ಒಬ್ಬನೇ ನಿಂತು ಅತ್ತ. ಅಳುವುದಕ್ಕೆ ನಾಚಿಕೆಯಾಗಲಿಲ್ಲ.

ಹತ್ತು ಗಂಟೆಗೆ ಮೂವತ್ತು ಮಕ್ಕಳು ಕಿರುಚುತ್ತ ನೀರಿಗೆ ಬಿದ್ದರು. ವೆಂಕಟೇಶಮೂರ್ತಿಯವರು ತಳ ನೋಡಿದರು, ಪುಟ್ಟರಾಜುವಿನ ಕಡೆ ತಲೆಯಾಡಿಸಿದರು, ಪಂಚೆ ಎತ್ತಿಕೊಂಡು ಹೋದರು.

ಕ್ಲಾಸು ಮುಗಿದ ಮೇಲೆ ದೇವಿರಮ್ಮ ಹೊಂಗೆ ಮರದ ನೆರಳಿನಲ್ಲಿ ಸಿಕ್ಕಳು. ಪುಟ್ಟರಾಜು ಕೈ ಮುಗಿದ.

"ನಿಮ್ಮುಪಕಾರ ನಾನು ಸಾಯೋಗಂಟ ಮರ್ಯಾಕಿಲ್ಲ ಮೇಡಂ."

ಅವಳ ಮುಖ ಇಳಿಯಿತು. "ಅಷ್ಟೇನಾ?"

"ಅಷ್ಟೇ ಅಂದ್ರೆ... ಇನ್ನೂ ಐತೆ. ಒಪ್ಪೋದಾದ್ರೆ ನಾನು ನಿಮ್ಮನ್ನ..."

"ಕೆಲಸ ಉಳಿಸಿದ್ಲು ಅಂತ ಮದುವೆ ಆಗೋರು ನಂಗೆ ಬೇಡ," ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಅಂಜಿ ಹೇಳಿದಳು. "ಇವತ್ತು ಉಪಕಾರ ಅಂತೀರಾ. ನಾಳೆ ಅದು ಭಾರ ಆಗುತ್ತೆ. ಉಪಕಾರಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತು ನಿಮಗೆ?"

ಪುಟ್ಟರಾಜು ಯೋಚಿಸಿದ. ಈ ಪರೀಕ್ಷೆಗೆ ಸೀಸೆಯಲ್ಲಿ ಹನಿ ಇಲ್ಲ.

"ನಮ್ಮ ಕ್ಲಬ್ಬಿನ ಕ್ಯಾಂಟೀನಲ್ಲಿ ಪಂಕಜಮ್ಮ ಅಂತ ಅವ್ರೆ. ಕೆಲ್ಸಕ್ಕೆ ಸೇರ್ದಾಗಿಂದ ನಂಗೆ ಅನ್ನ ಹಾಕಿದ ತಾಯಿ. ದಿನಾ ಮನಸ್ನಲ್ಲೇ ಕೈ ಮುಗೀತೀನಿ. ಆದ್ರೆ ಒಂದಿನಾನಾದ್ರೂ ಅವ್ರ ಮುಂದೆ ಓಗೋವಾಗ ತಲೆ ಬಾಚ್ಕೊಂಡಿದೀನಾ? ಇಲ್ಲ. ನಿಮ್ಮ ಫಾರಂಗೆ ಬರೋವಾಗ ಬಸ್ಸಿಳ್ದು, ಅಲ್ಲೇ ಸೈಕಲ್ ಸಾಪಿನ ಕನ್ನಡೀಲಿ ಎರಡೆರಡು ಸಲ ಬಾಚ್ತಿದ್ದೆ."

ಅವಳು ಅವನ ಒದ್ದೆ ತಲೆಯನ್ನು ನೋಡಿದಳು. ಹಣೆಯಿಂದ ನೆತ್ತಿಯವರೆಗೂ ನೋಡಿದಳು. "ಬಾಚಿದ್ರಾ? ನಂಗೆ ಗೊತ್ತೇ ಆಗ್ಲಿಲ್ಲ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು, "ನಂಗೂ ನೀವಂದ್ರೆ ಇಷ್ಟ ಕಣ್ರೀ. ಇರೋದ್ನ ಬರೀರಿ ಅಂದ್ರಲ್ಲ, ಅವತ್ತು ನಂಗೆ ಬಸ್ಸಿನ ಸ್ಟಾಪು ದಾಟಿಹೋಗಿದ್ದೂ ತಿಳೀಲಿಲ್ಲ."

ಮುಂದಿನ ಭಾನುವಾರ ಊರಿಗೆ ಬನ್ನಿ ಎಂದಳು. ಒಂದು ಎಚ್ಚರಿಕೆಯನ್ನೂ ಕೊಟ್ಟಳು: "ನಮ್ಮಪ್ಪ ಬೇರೆಯವರಿಗೆ ಮಾತ್ರ ಮರ್ಯಾದೆ ಕೊಡೋದು. 'ಬನ್ನಿ, ಕೂತ್ಕೊಳ್ಳಿ' ಅಂದ್ರೆ ಕಾಫಿ ಕುಡಿದು ಎದ್ದು ಬಂದ್ಬಿಡಿ. ಆಗಲ್ಲ ಅಂತ ಅರ್ಥ."

ಆ ವಾರವಿಡೀ ಪುಟ್ಟರಾಜುವಿಗೆ ನಿದ್ದೆ ಸರಿಬೀಳಲಿಲ್ಲ. ಭಾನುವಾರ ಚಿಕ್ಕರಸಿನಕೆರೆಯಲ್ಲಿ ಬಸ್ಸು ಇಳಿದು, ಬಿಸಿಲಿನಲ್ಲಿ ಎರಡು ಮೈಲಿ ನಡೆದು, ಹೆಂಚಿನ ಮನೆಯೊಂದರ ಮುಂದೆ ನಿಂತ. ಜಗಲಿಯ ಮೇಲೆ ದೇವಿರಮ್ಮನ ಅಪ್ಪ ಕೆಂಪಸಿದ್ದಯ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಬಾಗಿಲ ಹಿಂದೆ ಬಳೆಯ ಸದ್ದು ಆಗಿ ನಿಂತಿತು. ಮುದುಕರು ಅವನನ್ನು ಅಡಿಯಿಂದ ಮುಡಿಯವರೆಗೂ ಅಳೆದರು.

"ಏನ್ಲಾ," ಎಂದರು ಕೆಂಪಸಿದ್ದಯ್ಯ, "ಎಣ್ಣು ಕೇಳಾಕೆ ಬರೋನು ಇಷ್ಟೊತ್ಗಾ ಬರೋದು? ಬೆಳಗ್ನಿಂದ ಕಾದು ಕಾದು ಸೊಂಟ ಇಡ್ಕತ್ತು. ಅಂಗೇನ್ಲಾ ಕಂಬದಂಗೆ ನಿಂತಿದ್ದೀ, ಕಾಲು ತೊಳ್ಕಂಡು ಒಳೀಕೆ ಬಾರ್ಲಾ!"

ಅಷ್ಟು ಚೆಂದದ ಮಾತನ್ನು ಪುಟ್ಟರಾಜು ಹುಟ್ಟಿದಾಗಿನಿಂದ ಕೇಳಿರಲಿಲ್ಲ.